ಗಿರಿಜತ್ತೆ ನಕ್ಕ ಜಾಗ

ಒದ್ದೆ ಪಂಚೆಗೆ ಬಿಸಿ ತಾಗಿದಾಗ ಏಳುವ ಒಂದು ವಾಸನೆ ಇದೆಯಲ್ಲ, ಹಸಿ ನೂಲಿನದು, ಗಂಜಿಯದು, ಅದರಡಿಯಲ್ಲಿ ಎಲ್ಲೋ ಒಂಚೂರು ಸೋಪಿನದು, ಅದು ಮೂಗಿಗೆ ಬಿದ್ದ ಕೂಡಲೇ ನನಗೆ ಯಾರೋ ನಗುವುದು ಕೇಳಿಸುತ್ತದೆ. ನೆನಪಾಗುತ್ತದೆ ಅಂತ ಬರೆಯಬಹುದಿತ್ತು, ಬರೆದರೆ ಸುಳ್ಳು. ಕೇಳಿಸುತ್ತದೆ. ಹಾಸನದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಯಜಮಾನರ ಪಂಚೆಗೆ ನೀರು ಚಿಮುಕಿಸಿ ಇಸ್ತ್ರಿಪೆಟ್ಟಿಗೆ ಇಟ್ಟರೆ ಸಾಕು, ಬೆನ್ನ ಹಿಂದೆ, ಗೋಡೆಯ ಆಚೆಯಿಂದ ಬಂದ ಹಾಗೆ, ಒಬ್ಬ ಹೆಂಗಸಿನ ನಗು. ಮೂವತ್ತು ವರ್ಷ ಸರ್ಕಾರಿ ಶಾಲೆಯಲ್ಲಿ ಪಾಠ ಹೇಳಿದವಳು ನಾನು, ದೆವ್ವ ಪಿಶಾಚಿ ಅಂದ ಮಕ್ಕಳ ಕಿವಿ ಹಿಂಡಿದವಳು. ಈಗ ನೀವು ನನ್ನ ಕಿವಿ ಹಿಂಡಬೇಕಾದೀತು. ಹಿಂಡಿ, ಬೇಜಾರಿಲ್ಲ. ಆದರೆ ನಿಮಗೂ ಇಂಥದ್ದೊಂದು ಆಗಿಯೇ ಇರುತ್ತದೆ. ಮನೆಯಲ್ಲಿ ಯಾರೂ ಇಲ್ಲದಾಗ, ಯಾವುದೋ ವಾಸನೆಯ ಬೆನ್ನಿಗೆ, ಹೋದವರ ಕೆಮ್ಮೋ ಬಳೆಯ ಸದ್ದೋ ಕೇಳಿ ತಿರುಗಿ ನೋಡಿರುತ್ತೀರಿ. ಹಾಗೆ ತಿರುಗಿ ನೋಡಿದವರಿಗೇ ಇದನ್ನು ಹೇಳುತ್ತಿದ್ದೇನೆ.

ಹೊಳೆನರಸೀಪುರದಲ್ಲಿ ನಮ್ಮ ತಾತನದು ತೆಂಗಿನಕಾಯಿ, ಕೊಬ್ಬರಿ ವ್ಯಾಪಾರ. ಪೇಟೆಬೀದಿಯಿಂದ ಹೊಳೆಯ ಕಡೆ ಇಳಿಯುವ ಓಣಿಯಲ್ಲಿ ಮುಂದೆ ಮನೆ, ಹಿಂದೆ ಅಂಗಳ, ಅಂಗಳದಾಚೆ ಕೊಬ್ಬರಿ ಮಳಿಗೆ. ಮಳಿಗೆಗೆ ಕಿಟಕಿ ಅನ್ನುವುದೇ ಇರಲಿಲ್ಲ. ಅಟ್ಟದ ತುಂಬ ತೆಂಗಿನಕಾಯಿ. ಒಳಗಿನ ನೀರು ಹೀರಿ, ಕೊಬ್ಬರಿ ಚಿಪ್ಪು ಬಿಟ್ಟುಕೊಂಡು ಗಡಗಡ ಅನ್ನುವ ತನಕ ತಿಂಗಳುಗಟ್ಟಲೆ ಅವು ಅಲ್ಲೇ ಇರುತ್ತಿದ್ದವು. ಬಾಗಿಲು ಹಾಕಿದರೆ ನಡುಮಧ್ಯಾಹ್ನದಲ್ಲೂ ಅಲ್ಲಿ ಕಣ್ಣಿಗೆ ಬೆರಳಿಟ್ಟರೂ ಕಾಣದಷ್ಟು ಕತ್ತಲೆ, ಮತ್ತು ಆ ಕತ್ತಲೆಗೆ ಎಣ್ಣೆಯ ಘಮ. ಈಗ ಮನೆಯೂ ಇಲ್ಲ, ಮಳಿಗೆಯೂ ಇಲ್ಲ. ಪಾಲಾಗಿ, ಮಾರಾಟವಾಗಿ, ಮೂರು ಅಂತಸ್ತಿನ ಕಟ್ಟಡ ಎದ್ದಿದೆ. ಕೆಳಗೆ ಮೊಬೈಲ್ ಅಂಗಡಿ, ಮೇಲೆ ಟ್ಯೂಷನ್. ಕಳೆದ ಸಲ ಹೋದಾಗ ಆ ಅಂಗಡಿಯ ಹುಡುಗ "ಏನ್ ಬೇಕು ಆಂಟಿ?" ಅಂದ. ಏನು ಬೇಕು ಅಂತ ಅವನಿಗೆ ಹೇಳುವುದು? ಚಾರ್ಜರ್ ಕೊಂಡು ಬಂದೆ.

ಆ ಕತ್ತಲೆಯ ಮಳಿಗೆಯಲ್ಲೇ ನಾವು ಇಂಗ್ಲಿಷಿನವರ ಮೂಕಿ ಸಿನಿಮಾ ನೋಡುತ್ತಿದ್ದದ್ದು. ಸಕಲೇಶಪುರದ ಕಡೆ ಕಾಫಿ ತೋಟ ಇಟ್ಟಿದ್ದ ಒಬ್ಬ ದೊರೆ, ಸ್ವಾತಂತ್ರ್ಯ ಬಂದ ಕೆಲವು ವರ್ಷಕ್ಕೆ ಗಂಟುಮೂಟೆ ಕಟ್ಟಿ ತನ್ನ ದೇಶಕ್ಕೆ ಹೊರಟಾಗ ಬಂಗಲೆಯ ಸಾಮಾನೆಲ್ಲ ಹರಾಜಿಗೆ ಬಂತಂತೆ. ತಾತ ಹೋಗಿದ್ದು ಒಂದು ದೊಡ್ಡ ತಕ್ಕಡಿಗೆ. ತಂದದ್ದು ಕೈಯಲ್ಲಿ ತಿರುಗಿಸುವ ಒಂದು ಕಪ್ಪು ಯಂತ್ರ ಮತ್ತು ತಗಡಿನ ಡಬ್ಬಿಗಳಲ್ಲಿ ಸುತ್ತಿಟ್ಟ ಮೂರು ಸುರುಳಿ ಫಿಲಂ. ಅಜ್ಜಿ ಹಣೆ ಚಚ್ಚಿಕೊಂಡರಂತೆ. ಹೇಗೆ ಉಪಯೋಗಿಸುವುದು ಅಂತ ಗೊತ್ತಾದ ಮೇಲೆ ಒಂದೆರಡು ಸಲ ತೋರಿಸಿ, ಯಂತ್ರವನ್ನು ಗೋಣಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದರು. ನನಗೆ ಏಳು ತುಂಬಿ ಎಂಟು ನಡೆಯುವಾಗ ಅದು ಮತ್ತೆ ಕೆಳಗಿಳಿಯಿತು. ಯಾಕೆ ಇಳಿಯಿತು ಅನ್ನುವುದನ್ನು ನಾನು ಆಗ ಕೇಳಲಿಲ್ಲ. ಮಕ್ಕಳು ಸಿನಿಮಾ ಯಾಕೆ ತೋರಿಸುತ್ತೀರಿ ಅಂತ ಕೇಳುತ್ತಾರೆಯೇ?

ಸೋಮವಾರ ನಮ್ಮಲ್ಲಿ ಎತ್ತಿನ ಹೆಗಲ ಮೇಲೆ ನೊಗ ಇಡುತ್ತಿರಲಿಲ್ಲ, ವ್ಯಾಪಾರವೂ ಇಲ್ಲ. ಬೆಳಿಗ್ಗೆ ಪೂಜೆ, ಮಧ್ಯಾಹ್ನ ಊಟ, ಊಟ ಆದಮೇಲೆ ಮಳಿಗೆಯ ಬಾಗಿಲು ಹಾಕಿ ಸಿನಿಮಾ. ಅಟ್ಟದ ತೊಲೆಯಿಂದ ಅಗಲದ ಎರಡು ಪಂಚೆಗಳನ್ನು ಕೂಡಿಸಿ ಹೊಲಿದ ಬಟ್ಟೆ ಇಳಿಬಿಡುತ್ತಿದ್ದರು. ಮಳಿಗೆಯ ಆಳುಗಳು, ಗಾಡಿಯವರು, ನೆಂಟರ ಪೈಕಿ ಗಂಡಸರು ಬಟ್ಟೆಯ ಈಚೆ ಯಂತ್ರದ ಕಡೆ. ಹೆಂಗಸರು ಅವರ ಸಮಕ್ಕೆ ಕೂರುವ ಹಾಗಿಲ್ಲವಲ್ಲ, ಅವರೆಲ್ಲ ಬಟ್ಟೆಯ ಆಚೆ, ಗೋಣಿಚೀಲಗಳ ಮೇಲೆ. ಬೆಳಕು ಆಚೆಗೂ ದಾಟಲಿ ಅಂತ ಅಜ್ಜಿ ಚೊಂಬಿನಲ್ಲಿ ನೀರು ತಂದು ಕೈಯಿಂದ ಎರಚಿ ಬಟ್ಟೆಯನ್ನು ತೋಯಿಸುತ್ತಿದ್ದರು. ಒದ್ದೆ ಬಟ್ಟೆಗೆ ಬಲ್ಬಿನ ಬಿಸಿ ಬೆಳಕು ಬಿದ್ದು ಆ ವಾಸನೆ ಏಳುತ್ತಿತ್ತು. ನಾವು ಹೆಂಗಸರು ನೋಡಿದ್ದೆಲ್ಲ ಹೀಗೆ, ಹಿಂದಿನಿಂದ. ಗಂಡಸರಿಗೆ ಎಡಕ್ಕೆ ಓಡಿದವನು ನಮಗೆ ಬಲಕ್ಕೆ ಓಡುತ್ತಿದ್ದ. ನಡುವೆ ಬರುತ್ತಿದ್ದ ಇಂಗ್ಲಿಷ್ ಅಕ್ಷರಗಳೂ ನಮಗೆ ತಿರುಗುಮುರುಗು. ಗಂಡಸರಿಗೂ ಅದನ್ನು ಓದಲು ಬರುತ್ತಿರಲಿಲ್ಲವಾದ್ದರಿಂದ ನಮಗೇನೂ ಮೋಸವಾಗಲಿಲ್ಲ.

ಮೂರು ಸುರುಳಿಯಲ್ಲಿ ನಮ್ಮೆಲ್ಲರ ಪ್ರಾಣ ಇದ್ದದ್ದು ಗಡಿಯಾರದವನ ಮೇಲೆ. ಸಣಕಲು ಮನುಷ್ಯ, ಮೀಸೆ ಮಾತ್ರ ಪೊರಕೆಯಷ್ಟು. ಆಳೆತ್ತರದ ಮರದ ಗಡಿಯಾರವೊಂದನ್ನು ಬೆನ್ನಿಗೆ ಕಟ್ಟಿಕೊಂಡು ಯಾವುದೋ ಕಡಲತೀರದ ಊರಿನ ಬೀದಿಯಲ್ಲಿ ಹೊರಡುತ್ತಾನೆ. ಯಾರೋ ಟೈಮು ಕೇಳುತ್ತಾರೆ, ತಿರುಗುತ್ತಾನೆ. ತಿರುಗಿದ ರಭಸಕ್ಕೆ ಹಿಟ್ಟಿನ ಮೂಟೆ ಹೊತ್ತವನು ಬೀಳುತ್ತಾನೆ. ತಪ್ಪಾಯಿತು ಅಂತ ಬಗ್ಗುತ್ತಾನೆ. ಗಡಿಯಾರದ ತಲೆ ತಾಗಿ ಬೇಕರಿಯ ಗಾಜು ಪುಡಿ. ಬೇಕರಿಯವಳು ಲಟ್ಟಣಿಗೆ ಹಿಡಿದು ಅಟ್ಟಿಸಿಕೊಂಡು ಬರುತ್ತಾಳೆ, ಅವಳ ಹಿಂದೆ ಹಿಟ್ಟಿನವನು, ಪೋಲೀಸಿನವನು, ಕೊಡೆ ಹಿಡಿದ ಪಾದ್ರಿ, ಮಕ್ಕಳಗಾಡಿ ತಳ್ಳುವ ದಾದಿ. ಊರಿಗೆ ಊರೇ ಇಳಿಜಾರಿನಲ್ಲಿ ಓಡಿ, ಒಬ್ಬರ ಮೇಲೊಬ್ಬರು ಬಿದ್ದು ರಾಶಿಯಾಗುತ್ತದೆ. ಯಾರಿಗೂ ಗಾಯವಿಲ್ಲ, ರಕ್ತವಿಲ್ಲ. ಆಗ ಗಡಿಯಾರದವನು ನಿಧಾನಕ್ಕೆ ಹೊರೆ ಇಳಿಸಿ, ಗಡಿಯಾರದ ಬಾಗಿಲು ತೆಗೆಯುತ್ತಾನೆ. ಒಳಗೆ ಮುಳ್ಳೂ ಇಲ್ಲ, ಚಕ್ರವೂ ಇಲ್ಲ. ಒಂದು ಕೆಟಲು, ಒಂದು ಕಪ್ಪು. ಅಷ್ಟು ದೂರ ಓಡಿದರೂ ತುಳುಕದ ಟೀಯನ್ನು ಬಗ್ಗಿಸಿಕೊಂಡು, ಕುಡಿಯುವ ಮುಂಚೆ ಒಂದು ಗಳಿಗೆ ನಮ್ಮ ಕಡೆ ನೋಡಿ, ನಿಮಗೆ ಬೇಕೇನು ಅನ್ನುವ ಹಾಗೆ ಕಪ್ಪನ್ನು ಮುಂದೆ ಚಾಚುತ್ತಾನೆ. ಅಲ್ಲಿಗೆ ಮುಗಿಯಿತು.

ಇಷ್ಟಕ್ಕೆ ಮಾತು ಜೋಡಿಸುತ್ತಿದ್ದವರು ತಾತ. ಒಂದು ಕೈಯಲ್ಲಿ ಹಿಡಿ ತಿರುಗಿಸುತ್ತ, ಇನ್ನೊಂದು ಕೈಯನ್ನು ಗಾಳಿಯಲ್ಲಿ ಆಡಿಸುತ್ತ, "ಬಂದ ಕಣ್ರಪ್ಪೋ ಗಡಿಯಾರದೋನು! ಲೇ, ಬಗ್ಗಬ್ಯಾಡ ಕಣ್ಲಾ, ಹಿಂದ್ಗಡೆ ಗಾಜೈತೆ! ಬಗ್ದ. ಓಗ್ಬುಡ್ತು!" ಅಂತ ಗೋಳಾಡುತ್ತಿದ್ದರು. ಪೋಲೀಸಿನವನು ಹಿಟ್ಟಿನಲ್ಲಿ ಜಾರಿ ಬಿದ್ದಾಗ ಯಂತ್ರ ತಿರುಗಿಸುವುದನ್ನೇ ಮರೆತು, "ಅಲ್ಲ ಕಣ್ರಯ್ಯ, ಇವ್ರಾ ನಮ್ಮನ್ನ ಆಳಿದ್ದು? ನೆಟ್ಗೆ ನಿಂತ್ಕಳಾಕೆ ಬರಾಕಿಲ್ವಲ್ಲಪ್ಪ!" ಅನ್ನುತ್ತಿದ್ದರು. ಗಾಡಿಯವರು ಬಿದ್ದು ಬಿದ್ದು ನಗುತ್ತಿದ್ದರು. ಟೋಪಿ, ಲಾಠಿ, ದರ್ಪ ಅಂತ ಹೆದರಿ ಬದುಕಿದ್ದ ಜನಕ್ಕೆ ಆ ದೊರೆಗಳ ಊರಿನಲ್ಲೂ ಬೇಕರಿಯವಳಿಗೆ ಹೆದರುವ ಪೋಲೀಸಿನವನು ಇದ್ದಾನೆ ಅನ್ನುವುದೇ ಒಂದು ಹಬ್ಬ. ಅದಕ್ಕೇ ಇರಬೇಕು, ಆಮೇಲೆ ಎಂಥೆಂಥ ಬಣ್ಣದ ಸಿನಿಮಾ ನೋಡಿದರೂ ಆ ಮೂಕ ಜನದ ಓಟ ನನಗೆ ಮರೆಯಲಿಲ್ಲ. ಇನ್ನೊಂದು ಸಂಗತಿ ಹೇಳಬೇಕು. ಆ ಕಾಲದ ಸಿನಿಮಾದವರು ನಿಜವಾದ ಬೀದಿಯಲ್ಲೇ ತೆಗೆಯುತ್ತಿದ್ದರು ಅಂತ ಕಾಣುತ್ತದೆ. ದಾರಿಹೋಕರೂ ಅದರಲ್ಲಿ ಸಿಕ್ಕಿಕೊಂಡಿದ್ದಾರೆ. ಬೀದಿಯ ಮೂಲೆಯಲ್ಲಿ ಒಬ್ಬಳು ಹುಡುಗಿ, ನನ್ನಷ್ಟೇ ಇದ್ದಾಳು, ಬಿಳಿ ಮೇಲಂಗಿ ತೊಟ್ಟವಳು. ಎಲ್ಲರೂ ಓಡಿದರೂ ಅವಳು ಓಡುವುದಿಲ್ಲ, ನಗುವುದಿಲ್ಲ. ನೆಟ್ಟ ಕಣ್ಣಲ್ಲಿ ನಮ್ಮನ್ನೇ ನೋಡುತ್ತಾಳೆ. ಕತ್ತಲೆಯಲ್ಲಿ ನಾನು ಕೂತಿರುವುದು ಅವಳಿಗೆ ಕಾಣುತ್ತಿದೆ ಅಂತ ನನಗೆ ಖಾತ್ರಿಯಿತ್ತು. ಅವಳು ಬರುವ ಹೊತ್ತಿಗೆ ಗಿರಿಜತ್ತೆಯ ಸೆರಗಿನೊಳಗೆ ಮುಖ ಹುದುಗಿಸುತ್ತಿದ್ದೆ.

ಗಿರಿಜತ್ತೆ ನಮ್ಮಪ್ಪನ ತಂಗಿ. ಬಾಗೂರಿಗೆ ಕೊಟ್ಟಿದ್ದರು. ಮದುವೆಯಾಗಿ ನಾಲ್ಕು ವರ್ಷವೂ ತುಂಬಿರಲಿಲ್ಲ, ಗಂಡ ಕಾಮಾಲೆಯಲ್ಲಿ ತೀರಿಹೋದ. ಒಂದೂವರೆ ವರ್ಷದ ಮಗು ಮಹೇಶನನ್ನು ಕಂಕುಳಲ್ಲಿ ಇಟ್ಟುಕೊಂಡು ತವರಿಗೆ ಬಂದಾಗ ಅವಳಿಗೆ ಇಪ್ಪತ್ತೆರಡು. ಹಣೆಯಲ್ಲಿ ಬರೀ ವಿಭೂತಿ. ಮನೆಯಲ್ಲಿ ಅವಳು ಇದ್ದಾಳೋ ಇಲ್ಲವೋ ಅನ್ನುವ ಹಾಗೆ ಇರುತ್ತಿದ್ದಳು. ಬೀಸುವ ಕಲ್ಲಿನ ಮುಂದೆ, ಹಿತ್ತಲ ಬಾವಿಯ ಹತ್ತಿರ, ಅಡುಗೆಮನೆಯ ಹೊಗೆಯಲ್ಲಿ. ಅಜ್ಜಿ ಕರೆದರೆ "ಊಂ" ಅನ್ನುವಳು, ಅಷ್ಟೇ. ನಾನು ಅವಳ ಪಕ್ಕ ಮಲಗುತ್ತಿದ್ದೆ. ಅವಳು ಅಳುವುದನ್ನು ಒಂದು ದಿನವೂ ನೋಡಲಿಲ್ಲ. ಅತ್ತಿದ್ದರೆ ಮನೆಯವರಿಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲವೇನೋ.

ಮೊದಲನೆಯ ಸೋಮವಾರ ಅಜ್ಜಿ ಅವಳನ್ನು ರಟ್ಟೆ ಹಿಡಿದೇ ಕರಕೊಂಡು ಬಂದು ಗೋಣಿಚೀಲದ ಮೇಲೆ ಕೂರಿಸಿದರು. ಮಹೇಶ ಅವಳ ಮಡಿಲಲ್ಲಿ, ನಾನು ತೋಳಿಗೆ ಒರಗಿಕೊಂಡು. ಗಾಜು ಒಡೆಯಿತು, ಪೋಲೀಸಿನವನು ಬಿದ್ದ, ಊರೆಲ್ಲ ರಾಶಿಯಾಯಿತು. ಎಲ್ಲರೂ ನಕ್ಕರು. ಅವಳು ಮಾತ್ರ ಕಲ್ಲು. ಆಮೇಲೆ, ಎಲ್ಲರ ನಗು ಮುಗಿದ ಮೇಲೆ, ಗಡಿಯಾರದವನು ನಮ್ಮ ಕಡೆ ಕಪ್ಪು ಚಾಚಿದನಲ್ಲ, ಆಗ ಅವಳ ಮೈಯೊಳಗೆ ಏನೋ ಒಮ್ಮೆ ಕುಲುಕಿತು. ನೀರಿನಲ್ಲಿ ಮುಳುಗಿದವರು ಮೇಲೆ ಬಂದು ಎಳೆದುಕೊಳ್ಳುತ್ತಾರಲ್ಲ, ಹಾಗೆ ಉಸಿರೆಳೆದುಕೊಂಡಳು. ಆಮೇಲೆ ನಕ್ಕಳು ನೋಡಿ! ಅಯ್ಯೋ, ಎಂಥ ನಗು ಅದು. ಗಂಡಸರು ನಗುವ ಹಾಗೆ, ಬಾಯಿ ತುಂಬ, ತೊಡೆ ಚಚ್ಚಿಕೊಂಡು, ನಿಲ್ಲಿಸಲಾರದೆ. ಮಡಿಲಲ್ಲಿದ್ದ ಮಗು ಅವಳ ಹೊಟ್ಟೆಯ ಜೊತೆಗೇ ಮೇಲೆ ಕೆಳಗೆ ಆಡಿ ಕೇಕೆ ಹಾಕಿತು. ಅಜ್ಜಿ ಕತ್ತಲೆಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಬಟ್ಟೆಯ ಆಚೆಯಿಂದ ತಾತ ಅಜ್ಜಿಯನ್ನು ಗಟ್ಟಿಯಾಗಿ ಕೇಳಿದರು: "ಏನಮ್ಮಿ, ಇವತ್ತು ಬಲು ನಗ್ತಿದ್ದೀಯಲ್ಲ?" ಅಜ್ಜಿ ಒಂದು ಕ್ಷಣವೂ ತಡೆಯದೆ, "ಊಂ ಕಣ್ರೀ, ನಗು ಬಂತು, ನಕ್ಕೆ. ನಿಮ್ದೇನ್ ಗಂಟೋಯ್ತು?" ಅಂದರು. ಗಾಡಿಯವರೆಲ್ಲ ಮತ್ತೆ ನಕ್ಕರು. ಅಂದಿನಿಂದ ಪ್ರತಿ ಸೋಮವಾರ ಇದೇ. ಅದೇ ಗಡಿಯಾರದವನು, ಅದೇ ಕಪ್ಪು, ಅದೇ ಜಾಗದಲ್ಲಿ ಗಿರಿಜತ್ತೆಯ ನಗು. ಆಚೆಯಿಂದ ತಾತನ ಅದೇ ಪ್ರಶ್ನೆ, ಈಚೆಯಿಂದ ಅಜ್ಜಿಯ ಅದೇ ಜವಾಬು. ಬಾಗಿಲು ತೆಗೆಯುವ ಹೊತ್ತಿಗೆ ಗಿರಿಜತ್ತೆ ತಲೆ ತಗ್ಗಿಸಿಕೊಂಡು ಒದ್ದೆ ಬಟ್ಟೆ ಮಡಿಸುತ್ತಿರುತ್ತಿದ್ದಳು, ಏನೂ ಆಗಿಲ್ಲ ಅನ್ನುವ ಹಾಗೆ. ಈ ದೊಡ್ಡವರಿಗೆ ಎಷ್ಟು ಕಮ್ಮಿ ಬುದ್ಧಿ ಅಂತ ನನಗೆ ಆಶ್ಚರ್ಯ. ಅಜ್ಜಿಯ ನಗು ಎಂಥದ್ದು ಅಂತ ತಾತನಿಗೆ ಗೊತ್ತಿಲ್ಲವೇ? ಅಜ್ಜಿ ಹಲ್ಲಿಲ್ಲದ ಬಾಯಿ ಮುಚ್ಚಿಕೊಂಡು ಕಿಸಕ್ ಅನ್ನುವವರು. ನನಗೊಬ್ಬಳಿಗೇ ನಿಜ ಗೊತ್ತು ಅಂತ ಒಳಗೊಳಗೇ ಬೀಗುತ್ತಿದ್ದೆ.

ಹೀಗೇ ಏಳೆಂಟು ತಿಂಗಳು ನಡೆದಿರಬೇಕು. ಆಮೇಲೆ ಒಂದು ದಿನ ಬಾಗೂರಿನಿಂದ ಬೀಗರು ಬರುತ್ತಾರೆ ಅಂತ ಸುದ್ದಿ ಬಂತು. ಬೀಗರು ಅಂದರೆ ಗಿರಿಜತ್ತೆಯ ಮಾವ, ಸತ್ತವನ ತಂದೆ. "ಕೂಸನ್ನ ಕೇಳಾಕೆ ಬತ್ತಾವ್ರೆ ಕಣೆ," ಅಂತ ಅಜ್ಜಿ ನಮ್ಮಮ್ಮನ ಹತ್ತಿರ ಪಿಸುಗುಟ್ಟಿದ್ದು ನನಗೆ ಕೇಳಿಸಿತು. ಅವರ ಮನೆಯ ಒಬ್ಬನೇ ಮೊಮ್ಮಗ. ಕೇಳಿದರೆ ಇಲ್ಲ ಅನ್ನುವ ಬಾಯಿ ಆ ಕಾಲದಲ್ಲಿ ಯಾರಿಗೂ ಇರಲಿಲ್ಲ. ಗಿರಿಜತ್ತೆ ಮೂರು ದಿನ ಮಹೇಶನನ್ನು ಕೆಳಗೆ ಬಿಡಲಿಲ್ಲ, ನೀರು ಸೇದುವಾಗಲೂ ಬೆನ್ನಿಗೆ ಕಟ್ಟಿಕೊಂಡೇ ಇದ್ದಳು.

ಬೀಗರು ಸೋಮವಾರವೇ ಬಂದರು. ಎತ್ತರದ ಮನುಷ್ಯ, ಹೆಗಲ ಮೇಲೆ ಟವೆಲ್ಲು, ಮಗ ಹೋದಮೇಲೆ ಬೆನ್ನು ಬಗ್ಗಿತ್ತು ಅಂತ ಆಮೇಲೆ ಎಲ್ಲರೂ ಹೇಳಿದರು. ಕೆಟ್ಟವರಲ್ಲ, ಅದನ್ನು ನಾನು ಮೊದಲೇ ಹೇಳಿಬಿಡಬೇಕು. ನನ್ನನ್ನು ಹತ್ತಿರ ಕರೆದು ಬೆಲ್ಲದ ಅಚ್ಚು ಕೊಟ್ಟರು. ಊಟ ಆಗಿ ಎಲೆಅಡಿಕೆ ಹಾಕಿಕೊಳ್ಳುವಾಗ ಅವರೇ ಮಾತು ತೆಗೆದರು: "ಕೂಸು ಇಲ್ಲೇ ಇರ್ಲಿ ಬುಡಿ ಬೀಗ್ರೆ. ತಾಯಿ ಮಗ ಒಂದ್ಕಡೆ ಇರ್ಲಿ. ಇಸ್ಕೂಲಿಗೆ ಸೇರ್ಸೋ ವಯಸ್ಸು ಬರ್ಲಿ, ಆಮ್ಯಾಕೆ ನೋಡನ." ಬಾಗಿಲ ಹಿಂದೆ ನಿಂತಿದ್ದ ಅಜ್ಜಿ ಅಲ್ಲೇ ಕುಸಿದು ಕೂತು ಕೈ ಮುಗಿದರು. ತಾತನ ಮುಖ ನೋಡಬೇಕಿತ್ತು. ಖುಷಿಗೆ ಏನು ಮಾಡಬೇಕು ಅಂತಲೇ ತಿಳಿಯದೆ ಎದ್ದು ನಿಂತು, "ಬೀಗ್ರೆ, ಬಸ್ಸಿಗೆ ಇನ್ನೂ ವತ್ತೈತೆ, ಒಂದ್ ತಮಾಸೆ ತೋರಿಸ್ತೀನಿ ಬನ್ನಿ," ಅಂದುಬಿಟ್ಟರು. ಬೇಡ ಅನ್ನುವಂತೆ ಅಜ್ಜಿ ಒಳಗಿನಿಂದ ಕೆಮ್ಮಿದರು. ತಾತನಿಗೆ ಕೇಳಿಸಲಿಲ್ಲ.

ಆವತ್ತು ನಾನು ಬಟ್ಟೆಯ ಈಚೆ, ಗಂಡಸರ ಕಡೆ ಇದ್ದೆ. ಬೆಲ್ಲ ಕೊಟ್ಟ ಬೀಗರ ಪಕ್ಕ ಕೂರುವ ಆಸೆ. ಮೊದಲನೆಯ ಸಲ ಗಡಿಯಾರದವನು ಸರಿಯಾದ ದಿಕ್ಕಿಗೆ ಓಡಿದ್ದನ್ನು ನೋಡಿದೆ, ನೋಡಿ ಇವನು ಯಾಕೆ ಉಲ್ಟಾ ಹೋಗುತ್ತಾನೆ ಅಂದುಕೊಂಡೆ. ಬೀಗರು ಮೊದಲು ಬಿಗಿಯಾಗಿ ಕೂತಿದ್ದರು. ಪಾದ್ರಿಯ ಕೊಡೆ ತಿರುವುಮುರುವಾದಾಗ ಅವರ ಹೊಟ್ಟೆ ಅಲುಗಿತು. ಪೋಲೀಸಿನವನು ಹಿಟ್ಟಿನಲ್ಲಿ ಬಿದ್ದಾಗ ಟವೆಲ್ಲಿನಿಂದ ಕಣ್ಣೊರೆಸಿಕೊಂಡು ನಕ್ಕರು. ಆಮೇಲೆ ಟೀ ಕಪ್ಪು ಮುಂದೆ ಬಂತು. ಬಟ್ಟೆಯ ಆಚೆ ಉಸಿರೆಳೆದುಕೊಂಡ ಸದ್ದು ನನಗೆ ಕೇಳಿಸಿತು, ಅದರ ಹಿಂದೆಯೇ ಆ ನಗು. ಕೂಸು ಉಳಿದ ಸಂತೋಷವೂ ಸೇರಿತ್ತೇನೋ, ಯಾವತ್ತಿಗಿಂತ ದೊಡ್ಡದಾಗಿ, ಅಟ್ಟದ ಕಾಯಿಗಳಿಗೆ ಬಡಿದು ಬರುವ ಹಾಗೆ ನಕ್ಕಳು. ಬೀಗರೂ ಅದನ್ನು ಕೇಳಿ ಇನ್ನಷ್ಟು ನಗುತ್ತ, "ಯಾರ್ರೀ ಅದು, ಇಷ್ಟು ಚೆಂದಾಗಿ ನಗೋರು?" ಅಂತ ಕೇಳಿದರು. "ನಮ್ಮವ್ಳು ಕಣ್ರೀ ಬೀಗ್ರೆ," ಅಂದರು ತಾತ. ಬಟ್ಟೆಯ ಆಚೆಯಿಂದ ಅಜ್ಜಿ, "ಊಂ, ನಾನೇಯ," ಅಂದರು. ನನಗೆ ತಡೆಯಲಾಗಲಿಲ್ಲ. ಇಷ್ಟು ಚೆಂದದ ನಗುವಿನ ಹೆಸರು ಅಜ್ಜಿಗೆ ಹೋಗುವುದು ಅನ್ಯಾಯ ಅನಿಸಿತು. ಬೀಗರ ತೋಳು ಜಗ್ಗಿ, "ಅಜ್ಜಿ ಅಲ್ಲ! ಅದು ನಮ್ಮ ಗಿರಿಜತ್ತೆ. ಯಾವಾಗ್ಲೂ ಅವರೇ ನಗೋದು, ಅಜ್ಜಿ ಸುಮ್ಕೆ ನಂದು ಅಂತಾರೆ," ಅಂದೆ.

ಸುರುಳಿ ಮುಗಿದು ಫಿಲಂನ ತುದಿ ಪಟಪಟ ಬಡಿದುಕೊಳ್ಳುತ್ತಿತ್ತು. ತಾತ ಹಿಡಿ ಬಿಟ್ಟಿರಲಿಲ್ಲ, ಕೈ ತನ್ನಷ್ಟಕ್ಕೆ ತಿರುಗುತ್ತಿತ್ತು. ಬಟ್ಟೆಯ ಮೇಲೆ ಬರೀ ಬಿಳಿ ಬೆಳಕು. ಬೀಗರು ನನ್ನ ತಲೆಯ ಮೇಲೆ ಕೈ ಇಟ್ಟು, ತೆಗೆದು, ಟವೆಲ್ಲು ಹೆಗಲಿಗೆ ಹಾಕಿಕೊಂಡರು. "ನಗ್ಲಿ," ಅಂದರು. ಎದ್ದು ನಿಂತು, "ನಮ್ಮನೇಲಿ ಇನ್ನೂ ಯಾರ್ಗೂ ನಗು ಬಂದಿಲ್ಲ ಬೀಗ್ರೆ," ಅಂದರು. ಈಗತಾನೇ ತಾವೂ ನಕ್ಕಿದ್ದು ಅವರಿಗೆ ನೆನಪಾಗಿ, ಅದಕ್ಕೇ ಇನ್ನಷ್ಟು ನೊಂದರೋ ಏನೋ. ಬಸ್ಸಿಗೆ ಇನ್ನೂ ಹೊತ್ತು ಇದ್ದರೂ ಕೂರದೆ ಹೊರಟುಹೋದರು.

ಎಂಟು ದಿನಕ್ಕೆ ಅವರ ತಮ್ಮ ಬಂದು, ಕೂಸು ಬಾಗೂರಿನಲ್ಲೇ ಬೆಳೆಯಲಿ ಅಂತ ಅಣ್ಣ ಹೇಳಿದ್ದಾರೆ, ಕಳಿಸಿಕೊಡಿ ಅಂದರು. ತಾತ ಅಂಗಲಾಚಿದರು. ಆಗ ಗಿರಿಜತ್ತೆ ಒಳಗಿನಿಂದ ಬಂದು, ಎಲ್ಲರ ಎದುರಿಗೆ ಮೊದಲನೆಯ ಸಲ ಬಾಯಿ ಬಿಟ್ಟು, "ಕೂಸು ಬಾಗೂರಿಗೆ ಓದ್ರೆ ನಾನೂ ಓಯ್ತೀನಿ," ಅಂದಳು. "ಅಲ್ಲಿ ಇರಾಕಾಯ್ತದೇನವ್ವ ನಿಂಗೆ?" ಅಂತ ತಾತ ಕೇಳಿದರು. "ಇಲ್ಲಿ ಇರಾಕಾಯ್ತದೇನಪ್ಪ, ಇವನಿಲ್ದೆ?" ಅಂದಳು. ಮಾರನೆಯ ಬೆಳಿಗ್ಗೆ ನನ್ನ ತಲೆಗೆ ಎಣ್ಣೆ ಹಚ್ಚಿ, ಬಿಗಿಯಾಗಿ ಎರಡು ಜಡೆ ಹೆಣೆದು, "ಚೆಂದಾಗಿ ಓದ್ಕೋ ಕಣೆ," ಅಂತ ಹೇಳಿ ಚನ್ನರಾಯಪಟ್ಟಣದ ಬಸ್ಸು ಹತ್ತಿದಳು. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ. ಯಾರೂ 'ನಿನ್ನಿಂದ ಆಯಿತು' ಅನ್ನಲಿಲ್ಲ. ದೊಡ್ಡವಳಾದ ಮೇಲೆ ಒಂದು ದಿನ ನಾನೇ ಅತ್ತು ಕೇಳಿದ್ದಕ್ಕೆ ಅಜ್ಜಿ, "ನಮ್ಗೆಲ್ಲ ಗೊತ್ತಿತ್ತು ಕಣೆ ಮಗ. ಅವ್ಳು ನಗ್ಲಿ ಅಂತಾನೇ ಅಲ್ವ ನಿಮ್ತಾತ ಅದ್ನ ಅಟ್ಟದಿಂದ ಇಳ್ಸಿದ್ದು. ನಿಂಗೊಬ್ಳಿಗೆ ಏಳ್ನಿಲ್ಲ ನಾವು, ಎಳೇ ಕೂಸು ಅಂತ," ಅಂದರು. ಇಡೀ ಮನೆ ಕೂಡಿ ಕಟ್ಟಿದ್ದ ಒಂದು ಸುಳ್ಳಿನ ಒಳಗೆ ಒಬ್ಬಳು ಹೆಂಗಸು ವಾರಕ್ಕೆ ಒಂದು ಸಲ ನಗುತ್ತಿದ್ದಳು. ನಾನು ನಿಜ ಹೇಳಿ ಅದನ್ನು ಕಿತ್ತುಹಾಕಿದೆ.

ತಾತ ಮತ್ತೆ ಯಂತ್ರ ಮುಟ್ಟಲಿಲ್ಲ. ಅವರು ಹೋಗಿ, ಅಜ್ಜಿ ಹೋಗಿ, ಮಳಿಗೆ ಖಾಲಿ ಮಾಡುವಾಗ ಡಬ್ಬಿ ತೆಗೆದರೆ ಫಿಲಂ ಅಂಟಿ ಮುದ್ದೆಯಾಗಿ ಕೊಳೆತ ಹುಳಿಯ ವಾಸನೆ ಹೊಡೆಯುತ್ತಿತ್ತು. ಗಿರಿಜತ್ತೆ ಬಾಗೂರಿನಲ್ಲಿ ನಲವತ್ತು ವರ್ಷ ಬಾಳಿದಳು. ಮಾವನನ್ನು ಕೊನೆಗಾಲದಲ್ಲಿ ಮಗುವಿನ ಹಾಗೆ ನೋಡಿಕೊಂಡಳು, ಒಳ್ಳೆಯ ಹೆಸರು ತೆಗೆದುಕೊಂಡಳು. ಮದುವೆ ಮುಂಜಿಗಳಲ್ಲಿ ಸಿಕ್ಕಾಗ ನನ್ನ ಕೆನ್ನೆ ಸವರಿ, "ಸಣ್ಣಗಾಗಿದ್ದೀಯ," ಅನ್ನುತ್ತಿದ್ದಳು. ಎಷ್ಟೋ ಸಲ ತಪ್ಪಾಯಿತು ಅತ್ತೆ ಅನ್ನಲು ಹೋಗಿ, ಊಟ ಆಯ್ತಾ ಅಂತ ಕೇಳಿ ಬಂದಿದ್ದೇನೆ. ಅವಳು ತೀರಿಕೊಂಡಾಗಲೂ ಹೇಳಿರಲಿಲ್ಲ. ಹಾಸನದ ಟಾಕೀಸುಗಳಲ್ಲಿ ಕೂತಾಗೆಲ್ಲ, ಜನ ನಕ್ಕು ಸುಮ್ಮನಾದ ಮೇಲೆ, ನಾನು ಪರದೆಯ ಆಚೆಗೆ ಕಿವಿಗೊಡುತ್ತಿದ್ದೆ. ಅಲ್ಲಿ ಗೋಡೆ ಬಿಟ್ಟು ಬೇರೇನೂ ಇಲ್ಲ ಅಂತ ಗೊತ್ತಿದ್ದೂ, ಯಾರೋ ಗೋಣಿಚೀಲದ ಮೇಲೆ ಉಸಿರು ಬಿಗಿಹಿಡಿದು ಕೂತಿದ್ದಾರೆ ಅನಿಸುತ್ತಿತ್ತು. ಮೈ ಜುಮ್ಮೆಂದು ಎಷ್ಟೋ ಸಲ ಇಂಟರ್ವಲ್ಲಿಗೇ ಎದ್ದು ಬಂದಿದ್ದೇನೆ.

ಮೊನ್ನೆ ಮೊನ್ನೆ, ಫೋನಿನಲ್ಲಿ ಸುಮ್ಮನೆ ಬೆರಳಾಡಿಸುತ್ತಿದ್ದೆ. ಹಳೆಯ ಇಂಗ್ಲಿಷ್ ಮೂಕಿ ತಮಾಷೆ ಚಿತ್ರಗಳನ್ನು ಆ ದೇಶದವರು ಒಂದೊಂದಾಗಿ ಎಲ್ಲರೂ ನೋಡಲಿ ಅಂತ ಹಾಕಿದ್ದಾರೆ. ಒಂದರ ಹಿಂದೊಂದು ನೋಡುತ್ತ ಹೋದೆ. ಗಡಿಯಾರ ಹೊತ್ತವನೊಬ್ಬ ಬಂದ. ಇವನಲ್ಲ, ಇವನು ಆ ಕಡೆಗೆ ಓಡುತ್ತಾನೆ ಅಂತ ಬಿಟ್ಟುಬಿಡುವವಳಿದ್ದೆ. ಅಷ್ಟರಲ್ಲಿ ಬೀದಿಯ ಮೂಲೆಯಲ್ಲಿ ಬಿಳಿ ಮೇಲಂಗಿಯ ಹುಡುಗಿ. ಅವಳೇ! ಅಷ್ಟೇ ವಯಸ್ಸು. ನನ್ನ ತಲೆ ಪೂರ್ತಿ ಬೆಳ್ಳಗಾಗಿದೆ, ಅವಳು ಇನ್ನೂ ಕದಲಿಲ್ಲ. ಬೇಕರಿಯವಳು, ಪಾದ್ರಿ, ದಾದಿ, ಗಾಡಿಯಲ್ಲಿದ್ದ ಮಗು ಕೂಡ, ಎಲ್ಲರೂ ಸತ್ತು ಎಷ್ಟೋ ಕಾಲವಾಗಿರುವವರು. ಅವರನ್ನು ನೋಡಿ ನಕ್ಕವರೂ ಸತ್ತರು. ಓಡುವುದು ಮಾತ್ರ ನಿಂತಿಲ್ಲ. ಕಪ್ಪು ಚಾಚುವ ಹೊತ್ತಿಗೆ ನಾನು ಫೋನನ್ನು ಹಾಸಿಗೆಯ ಮೇಲೆ ಬೋರಲು ಹಾಕಿಬಿಟ್ಟೆ. ನೋಡುವ ಎದೆಗಾರಿಕೆ ಬರಲಿಲ್ಲ.

ಆ ವಾರವೇ ಮಹೇಶ ಬಂದ. ಚನ್ನರಾಯಪಟ್ಟಣದಲ್ಲಿ ಅವನದು ಪಂಪ್‌ಸೆಟ್ ರಿಪೇರಿ ಅಂಗಡಿ. ಸಾಮಾನು ತರಲು ಹಾಸನಕ್ಕೆ ಬಂದರೆ ನಮ್ಮಲ್ಲೇ ಊಟ. ಸೋದರಮಾವನ ಮಗಳು, ವಯಸ್ಸಿನಲ್ಲಿ ದೊಡ್ಡವಳು ಅಂತ ನನ್ನನ್ನು ಅತ್ತಿಗೆ ಅನ್ನುತ್ತಾನೆ. ಮೊಮ್ಮಕ್ಕಳನ್ನು ಕಂಡ ಮನುಷ್ಯ, ಕೈಯೆಲ್ಲ ಗ್ರೀಸು. ಮುದ್ದೆ, ಸೊಪ್ಪಿನ ಸಾರು ಉಂಡು ಕೈ ತೊಳೆದು ಕೂತವನ ಮುಂದೆ ಎಲ್ಲ ಹೇಳಿಬಿಟ್ಟೆ. ಅಟ್ಟದ ಯಂತ್ರ, ಸೋಮವಾರ, ಒದ್ದೆ ಬಟ್ಟೆ, ಬಾಗೂರಿನ ಅವನ ತಾತ ಕೊಟ್ಟ ಬೆಲ್ಲ, ನನ್ನ ಬಾಯಿ. "ನಿಮ್ಮಮ್ಮ ಆ ಮನೆಗೆ ಹೋಗಿದ್ದು ನನ್ನಿಂದ ಕಣೋ," ಅಂದೆ. ಬೈಗುಳಕ್ಕೆ ಕಾದು ಕೂತೆ. ಅವನು ಅದ್ಯಾವುದನ್ನೂ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

"ಅವ್ವ ನಗ್ತಿದ್ಳಾ?" ಅಂದ.

"ನಗ್ತಿದ್ಳು."

"ನಾನು ನೋಡೇ ಇಲ್ವಲ್ಲ ಅತ್ತಿಗೆ. ನನ್ ಮದ್ವೇಲೂ ನಗ್ನಿಲ್ಲ, ಮಗಳು ಉಟ್ದಾಗ್ಲೂ ನಗ್ನಿಲ್ಲ. ತುಟಿ ಇಂಗೆ ಒಂಚೂರು ಮಾಡೋಳು, ಅಷ್ಟೆ. ಎಂಗೆ ನಗ್ತಿದ್ಳು? ಒಂದ್ಸಲ ನಕ್ಕು ತೋರ್ಸಿ."

ನಾನು ಬಾಯಿ ತೆರೆದೆ. ಉಸಿರೆಳೆದುಕೊಂಡೆ, ಅವಳು ಎಳೆದುಕೊಳ್ಳುತ್ತಿದ್ದ ಹಾಗೆಯೇ. ಇಷ್ಟು ವರ್ಷ ಕಿವಿಯಲ್ಲಿ ಇಟ್ಟುಕೊಂಡದ್ದು ಗಂಟಲಿಗೆ ಬರಲಿಲ್ಲ. ಅವನು ನನ್ನ ಬಾಯನ್ನೇ ನೋಡುತ್ತಿದ್ದ. ನನಗೆ ಅಳು ಬಂತು. "ಆಗಲ್ಲ ಕಣೋ," ಅಂದೆ. "ಆದರೆ ಎಲ್ಲಿ ನಗ್ತಿದ್ಳು ಅಂತ ತೋರಿಸ್ತೀನಿ."

ಫೋನನ್ನು ನೀರಿನ ಚೊಂಬಿಗೆ ಒರಗಿಸಿ ಇಟ್ಟೆ. ಗಡಿಯಾರದವನು ಹೊರಟ. ಹಿಟ್ಟಿನವನು ಬಿದ್ದ. "ಇಲ್ಲಾ?" ಅಂದ ಮಹೇಶ. ಇಲ್ಲ, ಅಂದೆ. ಗಾಜು ಒಡೆಯಿತು. "ಇಲ್ಲಾ?" "ಇಲ್ಲಲ್ಲ ಕಣೋ, ಇದಕ್ಕೆಲ್ಲ ಬೇರೆಯವರು ನಗೋರು." ಕೊಡೆ ತಿರುವುಮುರುವಾಯಿತು, ಪೋಲೀಸಿನವನು ಬಿದ್ದ, ಊರೆಲ್ಲ ಇಳಿಜಾರಿನಲ್ಲಿ ಉರುಳಿತು. ಅವನು ಒಂದಕ್ಕೂ ನಗಲಿಲ್ಲ. ಪಂಪಿನೊಳಗೆ ಕೆಟ್ಟ ಭಾಗ ಎಲ್ಲಿದೆ ಅಂತ ಹುಡುಕುವವನ ಹಾಗೆ ಬಗ್ಗಿ ನೋಡುತ್ತಿದ್ದ. ಗಡಿಯಾರದ ಬಾಗಿಲು ತೆರೆಯಿತು. ಟೀ ಬಗ್ಗಿಸಿಕೊಂಡ. "ಇಲ್ಲಿ," ಅಂದೆ. "ಇಲ್ಲೇ ಕಣೋ."

ಅವನು ಬೆರಳಿಟ್ಟು ಚಿತ್ರ ನಿಲ್ಲಿಸಿದ. ಮೀಸೆಯವನು ನಮ್ಮ ಕಡೆ ಕಪ್ಪು ಚಾಚಿಕೊಂಡು ನಿಂತ.

"ಆಗ ನಾನು ಮಡ್ಲಲ್ಲೇ ಇದ್ನಾ?"

"ಮಡಿಲಲ್ಲೇ ಇದ್ದೆ. ಅವಳ ಹೊಟ್ಟೆ ಕುಲುಕಿದ ಹಾಗೆಲ್ಲ ನೀನೂ ಕುಲುಕಿ ಕೇಕೆ ಹಾಕ್ತಿದ್ದೆ."

"ಒಂಚೂರೂ ಗ್ಯಾಪಕ ಇಲ್ಲ ಅತ್ತಿಗೆ," ಅಂದ. ಕನ್ನಡಕ ತೆಗೆದು ಪಕ್ಕಕ್ಕಿಟ್ಟು, ಫೋನನ್ನು ಎರಡೂ ಕೈಯಲ್ಲಿ ಹಿಡಿದು ಮುಖದ ಹತ್ತಿರ ತಂದುಕೊಂಡ. ಅವನ ಫೋನಿಗೆ ಅಂಗಡಿಯಿಂದ ಎರಡು ಸಲ ಕರೆ ಬಂತು, ಎತ್ತಲಿಲ್ಲ. ನಾನು ತಟ್ಟೆ ತೆಗೆದು, ನೆಲ ಒರೆಸಿ ಬಂದರೂ ಅವನು ಹಾಗೇ ಕೂತಿದ್ದ. ಫೋನಿನ ಬೆಳಕು ಮಂಕಾದಾಗಲೆಲ್ಲ ಬೆರಳಿನಿಂದ ಮುಟ್ಟಿ ಎಬ್ಬಿಸಿಕೊಳ್ಳುತ್ತಿದ್ದ.